ಪೆಟ್ಟಿಗೆ ಅಗ್ಗ, ನೆಲ ದುಬಾರಿ

ಎಂಬತ್ತು–ತೊಂಬತ್ತರ ದಶಕದಲ್ಲಿ ಮುಂಬಯಿಯ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ನಾಣ್ಯ ಹಾಕಿ ಆಡಿದ ಹುಡುಗರು ಈಗ ನಲವತ್ತು ದಾಟಿದ್ದಾರೆ, ಕೈಯಲ್ಲಿ ನಾಲ್ಕು ಕಾಸೂ ಇದೆ. ಅಂಥದೊಂದು ಆರ್ಕೇಡ್ ಪೆಟ್ಟಿಗೆಯನ್ನು ಹಳೇ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಿಕೊಳ್ಳುವ ಆಸೆ ಹಲವರಿಗಿದೆ. ನಾನೂ ಈ ಹವ್ಯಾಸಕ್ಕೆ ದುಡ್ಡು ಹಾಕುವವನೇ, ಹಾಗಾಗಿ ಬೇಡ ಎನ್ನಲು ಹೊರಟಿಲ್ಲ. ಆದರೆ ಇಲ್ಲಿ ಎಲ್ಲರೂ ಬಿಡಿಭಾಗಗಳ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ, ನಾನು ನೆಲದಿಂದ ಶುರು ಮಾಡುತ್ತೇನೆ. ಪಾರ್ಲರಿನಲ್ಲಿ ಇರುತ್ತಿದ್ದಂಥ ಆಳೆತ್ತರದ ಪೆಟ್ಟಿಗೆಗೆ ಎರಡಡಿ ಅಗಲ, ಎರಡೂವರೆ ಅಡಿ ಆಳ ಎಂದರೂ 5 ಚದರಡಿ ಬೇಕು. ಉಪನಗರದ ಫ್ಲ್ಯಾಟಿನಲ್ಲಿ ಚದರಡಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಅದು 1 ಲಕ್ಷ ರೂಪಾಯಿಯ ಜಾಗ. ಅಷ್ಟೇ ಹಣ ಶೇ. 6.5ರ ಠೇವಣಿಯಲ್ಲಿದ್ದಿದ್ದರೆ ವರ್ಷಕ್ಕೆ 6,500 ರೂಪಾಯಿ, ಐದು ವರ್ಷಕ್ಕೆ 32,500 ರೂಪಾಯಿ ಬಡ್ಡಿ. ಒಳಗಿನ ಸಾಮಾನಿಗೆಲ್ಲ ಸೇರಿ 15,000 ರೂಪಾಯಿ ಹಾಕಿದಿರೆನ್ನಿ, ನೆಲದ ಬಾಬ್ತು ಅದರ ಎರಡು ಪಟ್ಟನ್ನೂ ಮೀರಿತು.

"ಆ ಐದು ಚದರಡಿಯನ್ನು ನಾನೇನು ಮಾರುತ್ತೇನೆಯೇ?" ಎಂದು ಕೇಳಬಹುದು. ನಿಜ, ಯಾರೂ ಮಾರುವುದಿಲ್ಲ. ಆದರೆ ಮುಂಬಯಿಯಲ್ಲಿ ಜಾಗದ ಬೆಲೆಯನ್ನು ನಾವು ತೆರುವುದು ಇನ್ನೊಂದು ವಸ್ತುವನ್ನು ಬಿಟ್ಟುಕೊಟ್ಟು. ಆ ಮೂಲೆಯಲ್ಲಿ ಒಂದು ಕಪಾಟೋ ಮಗುವಿನ ಓದುವ ಮೇಜೋ ಬರಬೇಕಿತ್ತು. ಈ ನಗರದಲ್ಲಿ ಪುಟ್ಟ ಪೆಟ್ಟಿಗೆಯೇ ಜಾಣತನ ಎನ್ನುವುದು ಇದಕ್ಕೇ. ಮೇಜಿನ ಮೇಲೆ ಕೂರುವಂಥ, ಒಂದೂವರೆ ಅಡಿ ಅಗಲದ್ದಾದರೆ ಆಡಿ ಮುಗಿದ ಮೇಲೆ ಎತ್ತಿ ಕಪಾಟಿನ ಮೇಲಿಡಬಹುದು. ಅದನ್ನು ಮಾಡಿಸುವಾಗ ಪ್ಲೈವುಡ್ಡಿನಲ್ಲಿ ಮಾತ್ರ ಕಾಸು ಉಳಿಸಬೇಡಿ. ಎಂಡಿಎಫ್ ಹಲಗೆ ಇಲ್ಲಿಯ ಮಳೆಗಾಲದ ತೇವಕ್ಕೆ ಅಂಚಿನಿಂದ ಉಬ್ಬಿಕೊಳ್ಳುತ್ತದೆ. 12 ಮಿ.ಮೀ. ದಪ್ಪದ ನೀರುನಿರೋಧಕ ಪ್ಲೈ ಈ ಗಾತ್ರಕ್ಕೆ ಧಾರಾಳವಾಯಿತು.

ಇನ್ನು ಯಾವುದು ಹಳೆಯದು, ಯಾವುದು ಹೊಸದು ಎಂಬ ಪ್ರಶ್ನೆ. ಮುಂಬಯಿಯ ನಮ್ಮ ಉಡುಪಿ ಹೋಟೆಲಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ಟೀಲಿನ ಮೇಜು ಸೆಕೆಂಡ್ ಹ್ಯಾಂಡಾದರೂ ನಡೆಯುತ್ತದೆ, ಗ್ಯಾಸಿನ ಪೈಪು ಹೊಸದೇ ಆಗಬೇಕು. ಇಲ್ಲಿಯೂ ಅಷ್ಟೇ: ಲೋಹ ಹಳೆಯದಿರಲಿ, ಕರೆಂಟು ಹರಿಯುವುದು ಹೊಸದಿರಲಿ. ಹಳೇ ಜಾಯ್‌ಸ್ಟಿಕ್ಕೊಂದನ್ನು ಮಗುಚಿ ನೋಡಿ. ನಡುವೆ ಉಕ್ಕಿನ ದಂಡ, ಬುಡದ ಸುತ್ತ ನಾಲ್ಕು ಮೈಕ್ರೊಸ್ವಿಚ್. ದಂಡವನ್ನು ಒಂದೊಂದೇ ದಿಕ್ಕಿಗೆ ವಾಲಿಸಿದಾಗ ಒಂದೊಂದು 'ಟಿಕ್' ಕೇಳಬೇಕು. ಒಂದು ದಿಕ್ಕಿನಲ್ಲಿ ಸದ್ದಿಲ್ಲದಿದ್ದರೆ ಗಾಬರಿ ಬೇಡ, ಆ ಸ್ವಿಚ್ಚೊಂದನ್ನೇ ಹೊಸದು ತಂದು ಕೂರಿಸಿದರಾಯಿತು. ದಂಡವೇ ಗಡಗಡ ಅಲ್ಲಾಡುತ್ತಿದ್ದರೆ, ಅದು ಕೂರುವ ತೂತು ಸವೆದು ಅಗಲವಾಗಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಪವರ್ ಸಪ್ಲೈ ಮಾತ್ರ ಹಳೆಯದು ಕೊಳ್ಳಲೇಬಾರದು. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬಳಸದೆ ಇಟ್ಟರೂ ಒಣಗುತ್ತವೆ, ತಾವು ಕೆಡುವುದಲ್ಲದೆ ಪಕ್ಕದ ಬೋರ್ಡನ್ನೂ ಕೆಡಿಸಬಲ್ಲವು.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ಎರಡು ಪೇಟೆಗಳಿವೆ: ಒಂದು ಕಡೆ ಇಲೆಕ್ಟ್ರಾನಿಕ್ಸಿನ ಲ್ಯಾಮಿಂಗ್ಟನ್ ರಸ್ತೆ, ಇನ್ನೊಂದು ಕಡೆ ಮಟನ್ ಸ್ಟ್ರೀಟಿನ ಚೋರ್ ಬಜಾರ್. ಹಳೇ ಸಾಮಾನಿಗೆ ಬಿಲ್ಲೂ ಇಲ್ಲ, ವಾಪಸಿಯೂ ಇಲ್ಲ ಎಂದುಕೊಂಡೇ ಹೊರಡುವುದು ಕ್ಷೇಮ. ಹಾಗಾಗಿ ಹೇಳಿದ ಬೆಲೆಯನ್ನು ಬೆಲೆ ಎಂದು ನಂಬಬೇಡಿ. ತಲಾ 400 ರೂಪಾಯಿಯಂತೆ ಮೂರು ಹಳೇ ಜಾಯ್‌ಸ್ಟಿಕ್ ಕೊಂಡು ಒಂದು ಕೆಟ್ಟದ್ದು ಬಂದರೆ, ಕೆಲಸ ಮಾಡುವ ಒಂದೊಂದಕ್ಕೆ ಬಿದ್ದದ್ದು 600. ಹೊಸದಕ್ಕೆ 700 ಇದ್ದರೆ ಉಳಿತಾಯ ಬರೇ ನೂರು, ಓಡಾಟದ ಖರ್ಚು ಬೇರೆ. ನಾನು ಪಾಲಿಸುವ ನಿಯಮ ಇಷ್ಟು: ಹಳೆಯದರ ಬೆಲೆ ಹೊಸದರ ಅರ್ಧಕ್ಕಿಂತ ಹೆಚ್ಚಾದರೆ ಹೊಸದೇ ಸೈ. ಅಂದಕ್ಕೆ ಕೊಳ್ಳುವ ಮಾತೇ ಬೇರೆ. ನಾಣ್ಯ ಹಾಕುವ ಹಳೇ ಬಾಗಿಲು ನೋಡಲು ಚೆಂದ. ಅದು ನುಂಗುತ್ತಿದ್ದ ನಾಣ್ಯ ಇಂದು ಜೇಬಿನಲ್ಲಿ ಇಲ್ಲದಿರಬಹುದು. 25 ಪೈಸೆಯ ಚಲಾವಣೆಯಂತೂ 2011ರ ಜೂನ್ 30ಕ್ಕೇ ಮುಗಿಯಿತು. ಬೇಕೆನಿಸಿದರೆ ಕೊಳ್ಳಿ, ಅಲಂಕಾರದ ಬಾಬ್ತಿನಲ್ಲಿ ಬರೆಯಿರಿ.

ಹವ್ಯಾಸಿಗಳ ದೊಡ್ಡ ತಕರಾರು ಪರದೆಯದು. ಆ ಆಟಗಳನ್ನು ಮಾಡಿದ್ದೇ ಪಿಕ್ಚರ್ ಟ್ಯೂಬಿಗಾಗಿ, ಎಲ್‌ಸಿಡಿಯಲ್ಲಿ ಆ ಮಿನುಗು ಬರುವುದಿಲ್ಲ ಎನ್ನುತ್ತಾರೆ. ಮಾತು ಸರಿ. 1980ರ ಪ್ಯಾಕ್-ಮ್ಯಾನ್ ಚಿತ್ರ 224×288 ಚುಕ್ಕೆಗಳದ್ದು, ಟ್ಯೂಬಿನ ಮೇಲೆ ಅದು ಹದವಾಗಿ ಬೆರೆಯುತ್ತದೆ. ಆದರೆ ಟ್ಯೂಬು ಭಾರ, ಆಳವೂ ಹೆಚ್ಚು, ನಾವು ಉಳಿಸಿದ ನೆಲವನ್ನು ಮತ್ತೆ ನುಂಗುತ್ತದೆ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ. ಕೆಟ್ಟರೆ ರಿಪೇರಿ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಗಾಜಿನಲ್ಲಿ ಸೀಸವಿರುವುದರಿಂದ ಕಸಕ್ಕೆ ಹಾಕುವಂತೆಯೂ ಇಲ್ಲ. ಕಚೇರಿಗಳು ಹೊರಹಾಕಿದ 17 ಇಂಚಿನ, ಹೆಚ್ಚುಕಡಿಮೆ ಚೌಕವಾದ ಎಲ್‌ಸಿಡಿ ಮಾನಿಟರ್ ಹಳೇ ಆಟಗಳ ಆಕಾರಕ್ಕೆ ಚೆನ್ನಾಗಿ ಹೊಂದುತ್ತದೆ. ಕರೆಂಟಿನ ನಿಯಮಕ್ಕೆ ನಾನು ಕೊಡುವ ವಿನಾಯಿತಿ ಇದೊಂದೇ, ಅದೂ ಅಂಗಡಿಯಲ್ಲೇ ಅರ್ಧ ಗಂಟೆ ಉರಿಸಿ ನೋಡಿದ ಮೇಲೆ.

"ಮೊಬೈಲಿನಲ್ಲೇ ಈ ಆಟಗಳಿರುವಾಗ ಇದೆಲ್ಲ ಯಾಕೆ?" ಎಂಬುದು ಮನೆಯವರ ಆಕ್ಷೇಪ, ಅದರಲ್ಲಿ ಹುರುಳಿದೆ. ಆಟಕ್ಕಾಗಿ ಮಾತ್ರ ಆದರೆ ಪೆಟ್ಟಿಗೆ ಬೇಕಿಲ್ಲ. ನೀವು ಕೊಳ್ಳುತ್ತಿರುವುದು ಕೈಗೆ ಸಿಗುವ ದಂಡ, ಗುಂಡಿ, ಮತ್ತು ಕಟ್ಟುವ ಸುಖ. ಅದಕ್ಕೊಂದು ಮಿತಿ ಹಾಕಿಕೊಂಡು, ಸಿನಿಮಾಕ್ಕೋ ಪ್ರವಾಸಕ್ಕೋ ಎತ್ತಿಟ್ಟ ಹಣದಿಂದಲೇ ತೆಗೆಯುವುದು ಸರಿ. ಆಟದ ತಂತ್ರಾಂಶಕ್ಕೂ ಬೆಲೆ ಸೇರಿಸಿ: 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮಿಗೂ ಅನ್ವಯಿಸುತ್ತದೆ. ಹಳೇ ಆಟ ಎಂದ ಮಾತ್ರಕ್ಕೆ ಪುಕ್ಕಟೆ ಆಗುವುದಿಲ್ಲ.

ಮುಂದೆ ಒಳ್ಳೇ ಬೆಲೆಗೆ ಮಾರಬಹುದು ಎಂಬ ಸಮಾಧಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಮೇಜಿನ ಅಳತೆಗೆ ಮಾಡಿಸಿದ ಪೆಟ್ಟಿಗೆಗೆ ಗಿರಾಕಿ ಸಿಗುವುದು ಅಪರೂಪ. ಮರುಬೆಲೆ ಉಳಿಯುವುದು ಎಲ್ಲರಿಗೂ ಹೊಂದುವ ವಸ್ತುವಿಗೆ. ಆಟದ ಬೋರ್ಡನ್ನು ಪೆಟ್ಟಿಗೆಯ ತಂತಿಗಳಿಗೆ ಸೇರಿಸಲು 1985ರಲ್ಲಿ ಜಪಾನಿನಲ್ಲಿ ರೂಪಿಸಿದ ಜಾಮಾ ಎಂಬ 56 ಪಿನ್ನಿನ ಜೋಡಣೆ ಇಂದಿಗೂ ಬಳಕೆಯಲ್ಲಿದೆ. ಗುಂಡಿಗಳೂ 30 ಮಿ.ಮೀ.ನ ಮಾಮೂಲಿ ಅಳತೆಯಲ್ಲಿ ಸಿಗುತ್ತವೆ. ಹಲಗೆಯೊಂದು ನಿಮ್ಮ ಅಳತೆಯದಿರಲಿ, ಮಿಕ್ಕಿದ್ದೆಲ್ಲ ಪೇಟೆಯ ಅಳತೆಯದಿರಲಿ. ನಾಳೆ ಬಿಚ್ಚಿ ಮಾರಿದರೂ ಸ್ವಲ್ಪ ಹಣ ವಾಪಸ್ ಬಂದೀತು. ಇಷ್ಟಾದರೂ ಇದು ಖರ್ಚೇ. ಖರ್ಚು ಎಂದೇ ಬರೆದಿಡಿ, ಮನೆಯವರ ಮುಂದೆ ಹೂಡಿಕೆ ಎಂದು ಹೆಸರಿಡಬೇಡಿ.