ಚಂದ್ರನಿಗೆ ಇಬ್ಬರು ಸಾಕ್ಷಿಗಳು

ಅಮಾವಾಸ್ಯೆ ಯಾವಾಗ ಮುಗಿಯಿತೆಂಬುದನ್ನು ನಾವು ಪಂಚಾಂಗ ನೋಡಿ ತಿಳಿಯುತ್ತೇವೆಯೇ ಹೊರತು ಆಕಾಶ ನೋಡಿಯಲ್ಲ. ನೋಡಿದರೂ ಕಾಣುವುದೇನು? ಆಗ ಚಂದ್ರನು ಸೂರ್ಯನ ದಿಕ್ಕಿನಲ್ಲಿಯೇ ಇದ್ದು ಅವನ ಪ್ರಭೆಯಲ್ಲಿ ಅಡಗಿರುತ್ತಾನೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 12 ಅಂಶದಂತೆ ಪೂರ್ವಕ್ಕೆ ಸರಿಯುತ್ತಾನೆ. ಅಂತರವು ಸುಮಾರು 7 ಅಂಶಗಳಿಗಿಂತ ಕಡಿಮೆಯಿರುವಾಗ ಅವನ ರೇಖೆ ಬರಿಗಣ್ಣಿಗೆ ಕಾಣದು. ಆದುದರಿಂದಲೇ ಪಡುವಣ ಬಾನಿನಲ್ಲಿ ನಾವು ಮೊದಲು ಕಾಣುವುದು ಸಾಮಾನ್ಯವಾಗಿ ಬಿದಿಗೆಯ ಚಂದ್ರನನ್ನು.

ಪ್ರಾಚೀನ ಯೆಹೂದ್ಯರ ತಿಂಗಳು ಮೊದಲಾಗುತ್ತಿದ್ದುದು ಹೀಗೆ ಕಣ್ಣಿಗೆ ಬಿದ್ದ ಚಂದ್ರನಿಂದ. ಬೈಬಲಿನ ಪಸ್ಕಹಬ್ಬ ಮೊದಲನೆಯ ತಿಂಗಳಿನ 14ನೆಯ ದಿನದ ಸಂಜೆಗೂ, ದೋಷಪರಿಹಾರದ ಉಪವಾಸ ಏಳನೆಯ ತಿಂಗಳಿನ 10ನೆಯ ದಿನಕ್ಕೂ ಗೊತ್ತಾಗಿವೆ. ತಿಂಗಳ ಮೊದಲ ದಿನ ತಪ್ಪಿದರೆ ಇವೆಲ್ಲವೂ ತಪ್ಪಿದಂತೆಯೇ.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಗ್ರಂಥವು ಈ ನಿರ್ಣಯದ ಕ್ರಮವನ್ನು ವಿವರಿಸುತ್ತದೆ. ಚಂದ್ರನನ್ನು ಕಂಡ ಇಬ್ಬರು ನ್ಯಾಯಸಭೆಗೆ ಬಂದು ಸಾಕ್ಷಿ ನುಡಿಯಬೇಕು. ಯೆರೂಸಲೇಮಿನಲ್ಲಿ ಅವರಿಗೆ ದೊಡ್ಡ ಭೋಜನವೇ ಸಿದ್ಧವಾಗಿರುತ್ತಿತ್ತು. ಊಟದ ಆಸೆಗಾದರೂ ಬರಲಿ ಎಂಬುದು ಉದ್ದೇಶ! ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು: ಚಂದ್ರನು ಸೂರ್ಯನ ಉತ್ತರಕ್ಕಿದ್ದನೋ ದಕ್ಷಿಣಕ್ಕೋ? ಎಷ್ಟು ಎತ್ತರದಲ್ಲಿದ್ದನು? ಯಾವ ಕಡೆಗೆ ವಾಲಿದ್ದನು? ಗಮಲಿಯೇಲನೆಂಬ ಮುಖ್ಯಸ್ಥನು ಚಂದ್ರನ ಆಕಾರಗಳ ಚಿತ್ರಗಳನ್ನೇ ಮುಂದಿಟ್ಟು ವಿಚಾರಿಸುತ್ತಿದ್ದನು.

ಒಮ್ಮೆ ಇಬ್ಬರು ಚಂದ್ರನನ್ನು ಕಂಡೆವೆಂದರು. ಮರುದಿನ ರಾತ್ರಿ ಅವನು ಕಾಣಲೇ ಇಲ್ಲ. ಹಿಂದಿನ ಸಂಜೆ ಕಂಡವನು ಮರುದಿನ ಇನ್ನಷ್ಟು ದೂರ ಸರಿದು, ದಪ್ಪನಾಗಿ, ಸುಮಾರು 50 ನಿಮಿಷ ತಡವಾಗಿ ಮುಳುಗಬೇಕಷ್ಟೆ? ಮೋಡವಿಲ್ಲದಿದ್ದರೆ ಆ ಸಾಕ್ಷ್ಯ ನಿಲ್ಲದು. ಯೆಹೋಶುವನೆಂಬ ವಿದ್ವಾಂಸನೂ ಅದನ್ನು ನಂಬಲಿಲ್ಲ. ಗಮಲಿಯೇಲನಾದರೋ ಸಾಕ್ಷ್ಯವನ್ನು ಸ್ವೀಕರಿಸಿದನು. ಅಷ್ಟೇ ಅಲ್ಲ, ಯೆಹೋಶುವನ ಲೆಕ್ಕದಂತೆ ಉಪವಾಸ ಬೀಳುವ ದಿನವೇ ಅವನು ಕೋಲನ್ನೂ ಹಣವನ್ನೂ ಹಿಡಿದು, ಅಂದರೆ ಪುಣ್ಯದಿನದಲ್ಲಿ ನಿಷಿದ್ಧವಾದ ರೀತಿಯಲ್ಲಿ, ತನ್ನ ಬಳಿಗೆ ಬರಬೇಕೆಂದು ಆಜ್ಞಾಪಿಸಿದನು. ಯೆಹೋಶುವನು ನೊಂದನು, ಆದರೂ ಹೋದನು. ಗಮಲಿಯೇಲನು ಎದ್ದು ನಿಂತು ಅವನ ತಲೆಗೆ ಮುತ್ತಿಟ್ಟನು. ಜನರೆಲ್ಲರಿಗೂ ಹಬ್ಬ ಒಂದೇ ದಿನವಾಗಬೇಕಾದರೆ ಸಭೆಯ ಮಾತೇ ಕೊನೆಯದು. ಖಗೋಳಶಾಸ್ತ್ರ ಮಾತ್ರ ಯೆಹೋಶುವನ ಪಕ್ಷವೆಂದೇ ನಮಗೆ ತೋರುತ್ತದೆ.

ನಿರ್ಣಯವನ್ನು ದೂರದವರಿಗೆ ತಿಳಿಸಲು ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸುತ್ತಿದ್ದರು. ವಿರೋಧಿಗಳು ಸುಳ್ಳು ಬೆಂಕಿ ಹಚ್ಚಿದ ಮೇಲೆ ದೂತರನ್ನು ಕಳುಹಿಸತೊಡಗಿದರು. ದೂತರು ಸಕಾಲಕ್ಕೆ ಮುಟ್ಟಲಾರದ ದೇಶಗಳಲ್ಲಿ ಸಂಶಯ ಬೇಡವೆಂದು ಹಬ್ಬವನ್ನು ಎರಡು ದಿನ ಆಚರಿಸುವ ರೂಢಿ ಬಂದಿತು.

ಕೊನೆಗೆ ಸಾಕ್ಷಿಗಳ ಸ್ಥಾನಕ್ಕೆ ಗಣಿತ ಬಂದಿತು. 4ನೆಯ ಶತಮಾನದ ಹಿಲ್ಲೇಲನು ಇದನ್ನು ಪ್ರಕಟಿಸಿದನೆಂಬುದು ಸಂಪ್ರದಾಯ. ಇಂದಿನ ರೂಪ ಆಮೇಲಿನ ಶತಮಾನಗಳಲ್ಲಿ ಬೆಳೆದುದು. ಇಲ್ಲಿ ಒಂದು ಗಂಟೆಗೆ 1080 ಭಾಗಗಳು. ಚಾಂದ್ರಮಾಸದ ಸರಾಸರಿ 29 ದಿನ, 12 ಗಂಟೆ, 793 ಭಾಗ. ಈ 793 ಭಾಗಗಳನ್ನು ನಮ್ಮ ಅಳತೆಗೆ ತಂದರೆ 44 ನಿಮಿಷ 3⅓ ಸೆಕೆಂಡು. ಆಧುನಿಕ ಮಾಪನಕ್ಕೂ ಇದಕ್ಕೂ ಇರುವ ಅಂತರ ಸುಮಾರು ಅರ್ಧ ಸೆಕೆಂಡು! ಬಾಬಿಲೋನಿಯದ ಖಗೋಳಜ್ಞರು ಬಳಸಿದ ಬೆಲೆಯೂ ಇದೇ. ಪಸ್ಕವು ವಸಂತದಿಂದ ಜಾರದಂತೆ 19 ವರ್ಷಗಳಲ್ಲಿ 7 ಅಧಿಕಮಾಸಗಳನ್ನು ಸೇರಿಸುತ್ತಾರೆ. ನಮ್ಮ ಪಂಚಾಂಗದ ಅಧಿಕಮಾಸಕ್ಕೂ ಕಾರಣ ಇಂತಹುದೇ.

ಆದರೆ ಯೆಹೂದ್ಯರಲ್ಲಿಯೇ ಕರಾಯಿ ಎಂಬ ಪಂಥದ ಹಲವರು ಈ ಗಣಿತವನ್ನು ಒಪ್ಪದೆ, ಇಂದಿಗೂ ತಿಂಗಳ ಕೊನೆಯ ಸಂಜೆ ಪಶ್ಚಿಮದ ಆಕಾಶದಲ್ಲಿ ಆ ತೆಳುರೇಖೆಯನ್ನು ಹುಡುಕುತ್ತಾರೆ.