ಕೃಷಿಹೊಂಡಕ್ಕೊಂದು ಹಗ್ಗ: ಒಂದು ಪಾಠದ ಅವಲೋಕನ

ಬೋಧನಾಭ್ಯಾಸದ ಎರಡನೇ ವಾರ ಬಿಳಿಚೋಡಿನಲ್ಲಿ ಏಳನೇ ತರಗತಿಗೆ ‘ನೀರಿನ ಅಪಾಯದಲ್ಲಿ ಬಳಸುವ ರಕ್ಷಣಾ ಸಾಧನಗಳು’ ಎಂಬ ಪಾಠ ಮಾಡಿದೆ. ಪಾಠಯೋಜನೆಯಲ್ಲಿ ಬರೆದಿದ್ದ ಉದ್ದೇಶ: ‘ವಿದ್ಯಾರ್ಥಿಗಳು ಸಾಧನಗಳನ್ನು ಗುರುತಿಸಿ ಹೆಸರಿಸುವರು.’ ಲೈಫ್ ಜಾಕೆಟ್, ರಬ್ಬರ್ ದೋಣಿ, ತೇಲುವ ಬಳೆ ಇದ್ದ ಚಿತ್ರಪಟ ತೂಗುಹಾಕಿದೆ. ಮಕ್ಕಳು ಹೆಸರಿಸಿದರು. ಇಪ್ಪತ್ತು ನಿಮಿಷದಲ್ಲಿ ಉದ್ದೇಶ ಈಡೇರಿತು. ಆಗ ಒಬ್ಬಳು ಕೇಳಿದಳು: “ಸಾರ್, ಇವು ನಮ್ಮ ಹೊಂಡದ ಹತ್ರ ಎಲ್ಲಿರ್ತವೆ?”

ಜಗಳೂರು ಬರದ ತಾಲ್ಲೂಕು. ಇಲ್ಲಿನ ಮಕ್ಕಳಿಗೆ ಹತ್ತಿರದ ಆಳದ ನೀರೆಂದರೆ ಹೊಳೆಯಲ್ಲ, ಹೊಲದ ಕೃಷಿಹೊಂಡ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಇಂಥವು ಹೆಚ್ಚಿದವು. ನೀರು ಇಂಗದಿರಲೆಂದು ಹಾಸುವ ಪ್ಲಾಸ್ಟಿಕ್ ಹಾಳೆಯೇ ಅಲ್ಲಿನ ಅಪಾಯ. ಒದ್ದೆಯಾದ ಇಳಿಜಾರಿನಲ್ಲಿ ಕಾಲು ನಿಲ್ಲದು. ಈಜು ಬಲ್ಲವನಿಗೂ ಹತ್ತುವುದು ಕಷ್ಟ, ಕೈಹಿಡಿದು ಎಳೆಯಲು ಹೋದವನೂ ಜಾರುತ್ತಾನೆ.

ಮರುದಿನ ಚಿತ್ರಪಟ ಬಿಟ್ಟು ಹಗ್ಗ, ಐದು ಲೀಟರಿನ ಎಣ್ಣೆ ಡಬ್ಬಿ ಒಯ್ದೆ. ಆಟದ ಬಯಲಿನಲ್ಲಿ ಸುಣ್ಣದಿಂದ ಹೊಂಡ ಬರೆದೆವು. ಬರೀ ಹಗ್ಗ ಎಸೆದರೆ ಅರ್ಧದಲ್ಲೇ ಬಿತ್ತು. ಖಾಲಿ ಡಬ್ಬಿ ಕಟ್ಟಿದರೆ ಗಾಳಿಗೆ ಹಾರಿತು. ಡಬ್ಬಿಗೆ ಎರಡು ಬೆರಳಷ್ಟು ನೀರು ಹಾಕಿ ಮುಚ್ಚಳ ಬಿಗಿದಾಗ ಆಚೆ ದಡ ಮುಟ್ಟಿತು. ಅಷ್ಟು ನೀರಿದ್ದರೂ ಅದು ತೇಲುತ್ತದೆ. ಮುಳುಗುವವನ ಮೇಲಲ್ಲ, ಅವನನ್ನು ದಾಟಿಸಿ ಎಸೆದು ಹಗ್ಗವನ್ನು ಅವನ ಕೈಗೆ ಎಳೆದು ತರಬೇಕು. ಇದು ಅವರಿಗೆ ನಾಲ್ಕೈದು ಎಸೆತದಲ್ಲೇ ಬಂತು. ಗೆರೆಯ ಅಂಚಿನಲ್ಲಿ ನಿಂತ ದೊಡ್ಡ ಹುಡುಗನನ್ನು ಸಣ್ಣ ಹುಡುಗಿಯೊಬ್ಬಳು ಜಗ್ಗಿದಳು. ಅವನು ‘ನೀರಿಗೆ’ ಬಿದ್ದ. ಮಲಗಿ ಎಳೆದಾಗ ಬೀಳಲಿಲ್ಲ. ಹಗ್ಗದ ತುದಿ ಬೇವಿನ ಮರಕ್ಕೆ ಕಟ್ಟಿದ್ದರೆ ಇನ್ನೂ ಭದ್ರ.

ನೀರಿಗೆ ಇಳಿಯಲೇಬಾರದು ಎಂದೆ. ಒಬ್ಬ ಹುಡುಗ ಎದ್ದ: “ನಮ್ಮ ತಮ್ಮ ಮುಳುಗ್ತಿದ್ರೆ ನೋಡ್ತಾ ನಿಂತ್ಕೋಬೇಕಾ ಸಾರ್?”

ಕೂಗು, 112ಕ್ಕೆ ಫೋನ್ ಮಾಡಿಸು, ಉದ್ದನೆ ಕೋಲು ಚಾಚು, ಪಂಚೆ ಸೀರೆ ಗಂಟು ಹಾಕಿ ಎಸೆ ಎಂದೆ.

“ಅವೂ ಇಲ್ದಿದ್ರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಇಳಿ ಎಂದರೆ ಇಬ್ಬರೂ ಹೋಗಬಹುದು. ಬೇಡ ಎನ್ನಲು ಆ ಮುಖ ನೋಡಿ ಬಾಯಿ ಬರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ನನ್ನ ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಅವನ ಪ್ರಶ್ನೆಗೆ ಉತ್ತರ ಮುಳುಗುವ ದಿನದಲ್ಲಿಲ್ಲ, ಅದಕ್ಕೆ ಹಿಂದಿನ ದಿನದಲ್ಲಿದೆ.’

ಪಾಠಯೋಜನೆಯ ಉದ್ದೇಶ ಹೊಡೆದುಹಾಕಿ ಮನೆಗೆಲಸ ಬದಲಿಸಿದೆ: ಹೊಂಡವಿರುವವರು ಮನೆಯ ದೊಡ್ಡವರ ಜೊತೆ ಹೋಗಿ, ಗಂಟುಗಳಿರುವ ಒಂದು ಹಗ್ಗ ನೀರಿನವರೆಗೆ ಇಳಿಬಿಡಬೇಕು, ಡಬ್ಬಿ ಕಟ್ಟಿದ ಇನ್ನೊಂದು ದಡದಲ್ಲಿರಬೇಕು. ಹನ್ನೊಂದು ಮಕ್ಕಳಲ್ಲಿ ನಾಲ್ವರು ಮಾಡಿ ಬಂದರು. ಪ್ರಶ್ನೆ ಕೇಳಿದ ಹುಡುಗನೂ ಅವರಲ್ಲೊಬ್ಬ. ಸೋಮವಾರ ವಿಚಾರಿಸಿದೆ. ಹಗ್ಗ ಇದೆಯಂತೆ, ಡಬ್ಬಿಯನ್ನು ಅವರಪ್ಪ ಡೀಸೆಲ್ ತರಲು ಒಯ್ದಿದ್ದಾರೆ.