ಕ್ವೇಲ್ ಸಾಕುವವರಿಗೆ ಕಾನೂನು: ರಸೀದಿ ಇರಲಿ, ವರದಿ ತಡವಾಗದಿರಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಿತ್ತಲಲ್ಲಿ ನಾಟಿ ಕೋಳಿ ಸಾಕುವುದು ಹೊಸದೇನಲ್ಲ. ಕೋಳಿಗೆ ಜಾಗ ಸಾಲದವರು ನಾಲ್ಕಾರು ಕ್ವೇಲ್ ಹಕ್ಕಿ ತಂದುಕೊಳ್ಳುತ್ತಾರೆ. ಒಂದು ಪಂಜರ ಸಾಕು, ಆರೇಳು ವಾರಕ್ಕೆ ಮೊಟ್ಟೆ ಶುರು. ಆದರೆ ಹಕ್ಕಿ ಮನೆಗೆ ಬಂದ ಕೂಡಲೇ ಪಕ್ಕದ ಮನೆಯವರು ಕೇಳುವ ಪ್ರಶ್ನೆ ಒಂದೇ: "ಇದನ್ನು ಸಾಕಿದರೆ ಫಾರೆಸ್ಟಿನವರು ಕೇಸು ಹಾಕುತ್ತಾರಂತಲ್ಲ, ನಿಜವೇ?"

ಉತ್ತರ ನಿಮ್ಮ ಕೈಯಲ್ಲಿರುವುದು ಯಾವ ಹಕ್ಕಿ, ಅದು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ.

ಸಾಕಬಹುದಾದ ಹಕ್ಕಿ, ಮುಟ್ಟಬಾರದ ಹಕ್ಕಿ

ಫಾರಂಗಳಲ್ಲಿ ಮರಿ ಮಾಡಿಸಿ ಮಾರುವುದು ಜಪಾನಿ ಕ್ವೇಲ್. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದ ಮೇಲೆ ಅದರ ಸಾಕಣೆ ದೇಶದಲ್ಲಿ ಹರಡಿತು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದೂ ವನ್ಯಜೀವಿ ಕಾಯ್ದೆಯಡಿ ಬರುತ್ತದೆಂದು ಹೇಳಿ ಹೊಸ ಫಾರಂಗಳಿಗೆ ತಡೆ ಹಾಕಿತ್ತು. 2013ರಲ್ಲಿ ಆ ತಡೆ ತೆರವಾಯಿತು. ಜನರಲ್ಲಿ ಇನ್ನೂ ಉಳಿದಿರುವ ಭಯಕ್ಕೆ ಮೂಲ ಆ ಎರಡು ವರ್ಷ. ಹಲವು ವಿದೇಶಿ ಗಿಳಿಗಳಿಗೆ ಬೇಕಾದ, ಅದೇ ಸಚಿವಾಲಯದ ಪರಿವೇಶ್ ಪೋರ್ಟಲ್ ನೋಂದಣಿಯೂ ಜಪಾನಿ ಕ್ವೇಲ್‌ಗೆ ಬೇಕಿಲ್ಲ.

ನಮ್ಮ ಹೊಲದ ಬದುಗಳಲ್ಲಿ, ಕುರುಚಲು ಕಾಡಿನಲ್ಲಿ ಓಡಾಡುವ ಬುರ್ಲಿ, ಗೌಜಲಕ್ಕಿಗಳ ವಿಷಯ ಬೇರೆ. ಅವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬಲೆ, ಉರುಳು ಹಾಕಿ ಹಿಡಿಯುವುದಷ್ಟೇ ಅಲ್ಲ, ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದೂ ಕಾನೂನಿನ ಕಣ್ಣಿಗೆ ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗಾಯಗೊಂಡ ಬುರ್ಲಿ ಸಿಕ್ಕಿತೆಂದು ಮನೆಗೆ ತಂದಿದ್ದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು.

ರಸೀದಿ ಏಕೆ ಬೇಕು?

ಜಪಾನಿ ಕ್ವೇಲ್‌ಗೂ ಕಾಡಿನ ಬುರ್ಲಿಗೂ ಮೈಬಣ್ಣದಲ್ಲಿ ಹೋಲಿಕೆಯಿದೆ. ತಪಾಸಣೆಗೆ ಬಂದವರಿಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಕಾಯ್ದೆಯ 57ನೇ ಕಲಮಿನ ಪ್ರಕಾರ, ವನ್ಯಜೀವಿ ಒಬ್ಬರ ವಶದಲ್ಲಿ ಸಿಕ್ಕಿದ್ದು ರುಜುವಾತಾದರೆ ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ ಅವರದೇ. ಆದ್ದರಿಂದ ಸಂತೆಯಲ್ಲಿ ಹೆಸರಿಲ್ಲದವರಿಂದ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಫಾರಂ ಅಥವಾ ಅಂಗಡಿಯ ಹೆಸರು, ದಿನಾಂಕ, "ಜಪಾನಿ ಕ್ವೇಲ್" ಎಂಬ ಬರಹ, ಹಕ್ಕಿಗಳ ಸಂಖ್ಯೆ ಇಷ್ಟೂ ಇರುವ ರಸೀದಿ ಕೇಳಿ ಪಡೆಯಿರಿ. ಅದರ ಫೋಟೊ ಮೊಬೈಲಿನಲ್ಲೂ ಇರಲಿ. ಸಾಕುಪ್ರಾಣಿ ಅಂಗಡಿಗಳು 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿ, ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಹಾಕಿರಬೇಕು. ಒಳಗೆ ಹೋದಾಗ ಅದನ್ನು ನೋಡಿ.

ಒಂದು ವೇಳೆ ಹಕ್ಕಿಗಳನ್ನು ಜಪ್ತಿ ಮಾಡಿದರೆ ವಾದಕ್ಕಿಳಿಯದೆ ರಸೀದಿ ತೋರಿಸಿ. ಮಹಜರಿನಲ್ಲಿ ಹಕ್ಕಿಗಳ ಸಂಖ್ಯೆ ಸರಿಯಾಗಿದೆಯೇ ಎಂದು ಓದಿದ ಮೇಲೆಯೇ ಸಹಿ ಹಾಕಿ, ಪ್ರತಿ ಕೇಳಿ.

ರೋಗದ ಹಕ್ಕಿ ಮಾರಿದರೂ ಇದೇ ರಸೀದಿ ಕೆಲಸಕ್ಕೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬೇರೆ ಊರಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಸಾಕುವವರ ಕರ್ತವ್ಯ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮಾಲೀಕರ ಮೇಲೆ ಹೊಣೆ ಹೊರಿಸಿದೆ: ಸಾಕಷ್ಟು ಆಹಾರ, ನೀರು, ಆಸರೆ, ಓಡಾಡಲು ಜಾಗ. ಕ್ವೇಲ್‌ಗೆ "ಸಾಕಷ್ಟು" ಎಂದರೇನು ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ಒಂದು ದಿನದ ಮರಿ ಎಂಟು ಗ್ರಾಂ ತೂಗಿದರೆ ಹೆಚ್ಚು. ಆಳದ ಬಟ್ಟಲಲ್ಲಿ ನೀರಿಟ್ಟರೆ ಅದರಲ್ಲೇ ಮುಳುಗಿ ಸಾಯುತ್ತದೆ. ಮೊದಲ ವಾರ ಆಳವಿಲ್ಲದ ತಟ್ಟೆಯಲ್ಲಿ ಗೋಲಿ ಅಥವಾ ಬೆಣಚುಕಲ್ಲು ತುಂಬಿ, ಸಂದಿಯಲ್ಲಿ ನಿಂತ ನೀರನ್ನಷ್ಟೇ ಕುಡಿಯುವಂತೆ ಮಾಡಿ. ಆ ವಾರ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು, ಆಮೇಲೆ ವಾರವಾರ ತಗ್ಗಿಸಬಹುದು. ನುಣುಪು ಕಾಗದದ ಮೇಲೆ ಮರಿಯ ಕಾಲು ಜಾರಿ ಸೊಟ್ಟಗಾಗುತ್ತದೆ, ಗೋಣಿತಾಟು ಹಾಸಿ. ದೊಡ್ಡ ಹಕ್ಕಿ ಬೆದರಿದರೆ ನೇರ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳುತ್ತದೆ, ಹಾಗಾಗಿ ಪಂಜರದ ಮೇಲ್ಭಾಗಕ್ಕೆ ಮೆತ್ತನೆಯ ಬಲೆ ಕಟ್ಟಿ.

ಗಂಡುಗಳನ್ನು ಕಾಳಗಕ್ಕೆ ಬಿಡುವುದು ಅಪರಾಧ. ಸಾಕಿ ಬೇಸರವಾಯಿತೆಂದು ನಂದಿಬೆಟ್ಟದ ತಪ್ಪಲಲ್ಲೋ ಕೆರೆ ಅಂಗಳದಲ್ಲೋ ಬಿಟ್ಟು ಬರುವುದು ಪುಣ್ಯದ ಕೆಲಸವಲ್ಲ. ಹಸಿದು ಸಾಯುವಂತೆ ಪ್ರಾಣಿಯನ್ನು ತೊರೆಯುವುದೂ ಇದೇ ಕಾಯ್ದೆಯಡಿ ಅಪರಾಧ. ದಂಡದ ಮೊತ್ತ ಇಂದಿಗೂ ಅತ್ಯಲ್ಪ. ಆದರೆ ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 3 ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಹಕ್ಕಿ ಸತ್ತರೆ ಯಾರಿಗೆ ಹೇಳಬೇಕು?

2025ರ ಫೆಬ್ರವರಿಯ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯಲ್ಲಿ ಸಾಕಿದ್ದ ಕೋಳಿಗಳು ಸತ್ತವು. ಪರೀಕ್ಷೆಯಲ್ಲಿ ಹಕ್ಕಿಜ್ವರ ದೃಢಪಟ್ಟು, ಆಡಳಿತ ಊರಿನ ಕೋಳಿಗಳನ್ನು ಕೊಂದು ವಿಲೇವಾರಿ ಮಾಡಬೇಕಾಯಿತು. ಈ ರೋಗಕ್ಕೆ ದೊಡ್ಡ ಫಾರಂ, ಮನೆಯ ಹಿತ್ತಲು ಎಂಬ ಭೇದವಿಲ್ಲ. ಕ್ವೇಲ್‌ಗೂ ಅದು ತಗಲುತ್ತದೆ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ, ಇಂಥ ರೋಗದ ಶಂಕೆ ಬಂದ ಕೂಡಲೇ ಮಾಲೀಕರು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಂದ ಪಶುವೈದ್ಯರಿಗೆ ಲಿಖಿತ ಮಾಹಿತಿ ಹೋಗಬೇಕು. ಕಾಯಿಲೆ ಬಿದ್ದ ಹಕ್ಕಿಯನ್ನು ಬೇರ್ಪಡಿಸುವುದೂ ನಿಮ್ಮ ಹೊಣೆ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಲುವೆಗೆ ಎಸೆಯಬೇಡಿ, ಉಳಿದದ್ದನ್ನು ಮಾರಬೇಡಿ.

ಮಾಹಿತಿ ಕೊಟ್ಟರೆ ಎಲ್ಲವನ್ನೂ ಕೊಂದುಬಿಡುತ್ತಾರೆಂದು ಹಲವರು ಸುಮ್ಮನಿರುತ್ತಾರೆ. ಆದರೆ ಪರಿಹಾರ ಸಿಗುವುದು ಸರ್ಕಾರ ಕೊಂದ ಹಕ್ಕಿಗೆ, ಮೊದಲೇ ರೋಗದಿಂದ ಸತ್ತದ್ದಕ್ಕಲ್ಲ. ತಡ ಮಾಡಿದಷ್ಟೂ ನಷ್ಟ ನಿಮ್ಮದೇ, ಜತೆಗೆ ಅಕ್ಕಪಕ್ಕದ ಮನೆಗಳಿಗೂ ಅಪಾಯ. ತಂಡ ಬಂದಾಗ ಜೀವಂತ ಹಕ್ಕಿಗಳ ಸಂಖ್ಯೆ ಬರೆಸಿ, ಪಟ್ಟಿಯಲ್ಲಿ ನಿಮ್ಮ ಹೆಸರು, ಬ್ಯಾಂಕ್ ಖಾತೆ ಸರಿಯಿದೆಯೇ ನೋಡಿಕೊಳ್ಳಿ. ಹಣ ಬಾರದಿದ್ದರೆ ಪಶುಪಾಲನಾ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೂ ಉತ್ತರವಿಲ್ಲವೆಂದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು.

ನೆರವು ಎಲ್ಲಿ?

ಹಕ್ಕಿಗೆ ಕಾಯಿಲೆಯಾದರೆ ಪಶುವೈದ್ಯ ಸಹಾಯವಾಣಿ 1962.
ಗ್ರಾಹಕ ದೂರಿಗೆ 1915.
ಕಾನೂನು ನೆರವಿಗೆ 15100.

ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಸಮಿತಿಗಳಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಹಕ್ಕಿ ಕೊಂಡ ರಸೀದಿ, ಕೊಟ್ಟ ಅರ್ಜಿಗಳ ಸ್ವೀಕೃತಿ ಎರಡನ್ನೂ ತೆಗೆದುಕೊಂಡು ಹೋಗಿ. ಅವಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.